ಗ್ಯಾರೇಜ್ ಮೂಲೆಯ ತಿರುವು

ನಗರಸಭೆಯ ರಸ್ತೆ ವಿಭಾಗದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವಳು ‘ಗೆರೆ ಅಕ್ಕ’. ಇಪ್ಪತ್ತಾರು ವರ್ಷದಿಂದ ನಕ್ಷೆ ಬರೆಯುತ್ತಿದ್ದಳು. ಮೊದಲೆಲ್ಲ ಪೆನ್ಸಿಲ್ಲು, ಸ್ಕೇಲು, ಈಗ ಕಂಪ್ಯೂಟರು. ಆದರೂ ಕೊನೆಯ ಪ್ರತಿಯನ್ನು ದೊಡ್ಡ ಹಾಳೆಯ ಮೇಲೆ ಅಚ್ಚು ತೆಗೆದು, ಕನ್ನಡಕ ಏರಿಸಿ, ರಸ್ತೆಯುದ್ದಕ್ಕೂ ಒಮ್ಮೆ ಬೆರಳು ನಡೆಸಿ ನೋಡದೆ ಸಹಿ ಹಾಕುತ್ತಿರಲಿಲ್ಲ.

ಒಂದು ಸೋಮವಾರ ಹಿರಿಯ ಎಂಜಿನಿಯರು ಅವಳ ಮೇಜಿನ ಮೇಲೊಂದು ಫೈಲು ಇಟ್ಟರು. ತೆರೆದು ನೋಡಿದರೆ ಅವಳು ಹುಟ್ಟಿ ಬೆಳೆದ ಬೀದಿ! ಅವಳು ಚಿಕ್ಕವಳಿದ್ದಾಗ ಅಲ್ಲಿ ಎರಡೂ ಬದಿ ಸೇರಿ ನಲವತ್ತು ಮನೆಗಳಿದ್ದವು, ಎಲ್ಲವೂ ಒಂದಂತಸ್ತಿನವು. ಈಗ ಅದೇ ಜಾಗದಲ್ಲಿ ಏಳೆಂಟು ಅಂತಸ್ತಿನ ಕಟ್ಟಡಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು. ಮನೆಗಳ ಲೆಕ್ಕ ಒಂಬೈನೂರು ದಾಟಿತ್ತು. ಜನ ಇಪ್ಪತ್ತು ಪಟ್ಟು ಹೆಚ್ಚಿದರೂ ರಸ್ತೆ ಮಾತ್ರ ಗೋಡೆಯಿಂದ ಗೋಡೆಗೆ ಅದೇ ಹನ್ನೆರಡು ಮೀಟರು. ಅದರಲ್ಲೇ ಕಾರು, ಸ್ಕೂಟರು, ಶಾಲೆಗೆ ಹೋಗುವ ಮಕ್ಕಳು, ನೀರಿನ ಲಾರಿ. ಒಂದೇ ವರ್ಷದಲ್ಲಿ ಮೂವರಿಗೆ ವಾಹನ ಬಡಿದಿತ್ತು. ಕೊನೆಯವರು ನಿವೃತ್ತ ಟೀಚರ್. ಸ್ಕೂಟರು ತಾಗಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಗೆರೆ ಅಕ್ಕನಿಗೆ ಮಗ್ಗಿ ಕಲಿಸಿದವರು ಅವರೇ.

“ನಡೆಯೋಕೆ ಜಾಗ ಬೇಕು, ನೆರಳು ಬೇಕು, ಗಾಡಿಗಳು ನಿಧಾನ ಆಗಬೇಕು. ಹನ್ನೆರಡೇ ಮೀಟರಲ್ಲಿ ಏನು ಮಾಡ್ತೀರೋ ಮಾಡಿ,” ಅಂದರು ಎಂಜಿನಿಯರು.

“ಸರ್, ಆ ಬೀದಿ ಮೂಲೇಲಿ ನಮ್ಮಣ್ಣನ ಗ್ಯಾರೇಜಿದೆ. ಬೇರೆಯವರಿಗೆ ಕೊಟ್ಟರೆ ಒಳ್ಳೇದು.”

“ಇದೆಯಾ? ಹಾಗಂತ ಫೈಲಲ್ಲಿ ಬರೆದಿಡಿ, ನಾನೂ ಸಹಿ ಹಾಕ್ತೀನಿ. ಬೀದಿ ಗೊತ್ತಿಲ್ಲದವರು ಬರೆದ ನಕ್ಷೆ ಸಾಕಷ್ಟು ನೋಡಿದ್ದಾಯ್ತು, ಗೆರೆ ಅಕ್ಕ.”

ಅವಳು ಅದನ್ನು ಫೈಲಿನಲ್ಲಿ ಬರೆದು ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಅಳತೆಯ ಟೇಪು ಹಿಡಿದು ಬೀದಿಗೆ ಇಳಿದಳು. ಮುಖ್ಯರಸ್ತೆಯಿಂದ ಬೀದಿಗೆ ತಿರುಗುವ ಮೂಲೆಯಲ್ಲೇ ಗ್ಯಾರೇಜು. ಅಪ್ಪ ಕಟ್ಟಿದ್ದು. ಅವಳು ಮೂರನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಹದಿನೇಳು ವರ್ಷದ ಅಣ್ಣ ಪುಸ್ತಕ ಮಡಿಸಿಟ್ಟು ಸ್ಪ್ಯಾನರ್ ಹಿಡಿದ. ಮಳೆಯಾಗಲಿ ಬಿಸಿಲಾಗಲಿ, ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪಾಲಿಟೆಕ್ನಿಕ್ಕಿನವರೆಗೂ ತುಳಿದವನು ಅವನು. ಈಗ ಅರವತ್ತು ದಾಟಿದೆ. ಬೀದಿಯವರ ಬಾಯಲ್ಲಿ ಅವನು ‘ಜ್ಯಾಕಿಯಣ್ಣ’. ಎಂಥ ಭಾರದ ಗಾಡಿಯನ್ನಾದರೂ ಜ್ಯಾಕಿಯ ಹಾಗೆ ಎತ್ತಿ ನಿಲ್ಲಿಸುತ್ತಾನೆ ಎಂದು ಇಟ್ಟ ಹೆಸರು.

ಗ್ಯಾರೇಜಿನ ಎದುರಿನ ಫುಟ್‌ಪಾತಿನ ಮೇಲೆ ಮೂರು ಕಾರುಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಒಳಗೆ, ರಸ್ತೆಯ ಮೂಲೆಗೆ ಒತ್ತಿಕೊಂಡಂತೆ, ಗಾಡಿಯ ಅಡಿಭಾಗ ರಿಪೇರಿ ಮಾಡಲು ಅಪ್ಪ ತೋಡಿಸಿದ್ದ ಉದ್ದನೆಯ ಗುಂಡಿ. ಅಣ್ಣ ಅದರೊಳಗಿನಿಂದ ತಲೆ ಹೊರಗೆ ಹಾಕಿದ.

“ಏನೇ, ಟೇಪ್ ಹಿಡ್ಕೊಂಡು ಬಂದಿದ್ದೀಯ? ನಾನು ಗುಂಡೀಲಿದ್ದೀನಿ ಅಂತ ಅಳತೆ ತಗೊಳ್ಳೋಕೆ ಬಂದ್ಯಾ? ಇನ್ನೂ ಟೈಮಿದೆ ಕಣೇ.”

ಕೆಲಸದವರಿಬ್ಬರೂ ನಕ್ಕರು. ಅವಳೂ ನಕ್ಕಳು, ಆದರೆ ನಗು ತುಟಿಯಲ್ಲೇ ನಿಂತಿತು. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಸುತ್ತುಬಳಸದೆ ಎಲ್ಲವನ್ನೂ ಹೇಳಿದಳು. ಎರಡೂ ಬದಿಗೆ ಎರಡೂವರೆ ಮೀಟರ್ ಫುಟ್‌ಪಾತು. ಒಂದು ಬದಿಯಲ್ಲಿ ಮಾತ್ರ ಗಾಡಿ ನಿಲ್ಲಿಸಲು ಪಟ್ಟಿ, ಅದರ ನಡುನಡುವೆ ಮರಗಳು. ಉಳಿದದ್ದರಲ್ಲಿ ಏಕಮುಖ ಸಂಚಾರ. ಮೂಲೆಯಲ್ಲಿ ಫುಟ್‌ಪಾತನ್ನು ಹೊಟ್ಟೆಯಂತೆ ಮುಂದಕ್ಕೆ ತರುವುದು, ಗಾಡಿಗಳು ರೊಯ್ಯನೆ ತಿರುಗದ ಹಾಗೆ.

“ಅಂದ್ರೆ ಈ ಮೂರು ಕಾರು?”

“ಇಲ್ಲಿ ನಿಲ್ಲೋ ಹಾಗಿಲ್ಲ ಅಣ್ಣ.”

ಅಣ್ಣ ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. “ಗ್ಯಾರೇಜಿನೊಳಗೆ ನಾಲ್ಕು ಗಾಡಿ ಹಿಡಿಯುತ್ತೆ. ನನ್ನ ಹತ್ರ ಬರೋದು ಏಳು. ಸರಿ, ಬರಿ. ನಿನ್ನ ಕೆಲಸ ತಾನೆ,” ಎಂದು ಮತ್ತೆ ಗುಂಡಿಯೊಳಗೆ ತಗ್ಗಿದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಆಮೇಲೆ ಅಣ್ಣ ಮಾತು ಬಿಟ್ಟ. ವಾರಕ್ಕೊಮ್ಮೆ ಬರುತ್ತಿದ್ದ ಫೋನು ನಿಂತಿತು. ಇವಳು ಮಾಡಿದರೆ ಅತ್ತಿಗೆ ಎತ್ತಿಕೊಂಡು, “ಸ್ನಾನಕ್ಕೆ ಹೋಗಿದ್ದಾರಮ್ಮ,” ಅನ್ನುತ್ತಿದ್ದಳು. ದಿನಕ್ಕೆ ಮೂರು ಸಲ ಸ್ನಾನ ಮಾಡುವ ಮೆಕ್ಯಾನಿಕ್ಕು ಊರಲ್ಲಿ ಇವನೊಬ್ಬನೇ ಇರಬೇಕು ಎಂದು ಅವಳು ನಗಲು ನೋಡಿದಳು, ನಗು ಬರಲಿಲ್ಲ.

ನಕ್ಷೆ ಮುಗಿದ ಮೇಲೆ ಶಾಲೆಯ ಸಭಾಂಗಣದಲ್ಲಿ ಸಭೆ ಸೇರಿತು. ಜನ ಗೋಡೆಯುದ್ದಕ್ಕೂ ನಿಂತಿದ್ದರು. ಮಕ್ಕಳ ತಾಯಂದಿರಿಗೆ ನಕ್ಷೆ ಹಿಡಿಸಿತು. ಕಾರಿದ್ದವರು ಉರಿದುಬಿದ್ದರು. ಮರ ನೆಟ್ಟರೆ ಬೇರು ತಮ್ಮ ಕಟ್ಟಡದ ಪಾಯ ಸೀಳುತ್ತದೆ ಎಂದು ಒಬ್ಬರು, ಎಲೆ ಗುಡಿಸುವವರು ಯಾರು ಎಂದು ಇನ್ನೊಬ್ಬರು. ಅವಳು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. ಆಗ ಹಿಂದಿನ ಸಾಲಿನಲ್ಲಿ ಅಣ್ಣ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಅದನ್ನು ಅವನು ಮದುವೆಗೆ, ಆಸ್ಪತ್ರೆಗೆ ಬಿಟ್ಟರೆ ಹಾಕುತ್ತಿರಲಿಲ್ಲ.

“ಮೇಡಂ, ನಾಲ್ಕು ದಶಕದಿಂದ ಅದೇ ಮೂಲೇಲಿ ಕೂತು ಗಾಡಿ ತಿರುಗೋದನ್ನ ನೋಡಿದ್ದೀನಿ. ನೀವು ಆ ಮೂಲೇನ ಹೊಟ್ಟೆ ಉಬ್ಬಿಸ್ತಾ ಇದ್ದೀರ. ದೊಡ್ಡ ಗಾಡಿ ತಿರುಗಲ್ಲ. ಇಷ್ಟೇ ನಾನು ಹೇಳೋದು.”

ಅವಳಿಗೆ ಉಳಿದ ಮಾತಿಗಿಂತ ‘ಮೇಡಂ’ ಎಂಬುದೇ ಹೆಚ್ಚು ಚುಚ್ಚಿತು. “ದೊಡ್ಡ ಗಾಡಿಗಳ ಅಳತೆ ಹಾಕಿಯೇ ಬರೆದಿದ್ದೇವೆ,” ಎಂದು, ಯಾರೋ ಬೇರೆಯವರಿಗೆ ಹೇಳುವ ಧ್ವನಿಯಲ್ಲಿ ಹೇಳಿದಳು. ಗ್ಯಾರೇಜಿನ ಹೊಟ್ಟೆಪಾಡಿಗೆ ಪೆಟ್ಟು ಬಿದ್ದದ್ದಕ್ಕೆ ಆಡಿದ ಮಾತದು ಎಂದು ಸಭೆಯೂ ತಿಳಿಯಿತು, ಅವಳೂ ತಿಳಿದಳು.

ಕೊನೆಗೊಂದು ತೀರ್ಮಾನವಾಯಿತು. ಕಲ್ಲು ಹಾಸುವ ಮೊದಲು ಒಂದು ತಿಂಗಳು ಪರೀಕ್ಷೆ. ಹೊಸ ಫುಟ್‌ಪಾತಿನ ಅಂಚಿಗೆ ಡ್ರಮ್ಮುಗಳು, ಮರಗಳ ಜಾಗದಲ್ಲೂ ಮೂಲೆಯ ಉಬ್ಬಿನಲ್ಲೂ ಸಿಮೆಂಟಿನ ದೊಡ್ಡ ಕುಂಡಗಳು, ನೆಲದ ಮೇಲೆ ಬಣ್ಣದ ಗೆರೆ.

ಮೊದಲ ಎರಡು ದಿನ ಹಾರನ್ನಿನ ಗದ್ದಲವೋ ಗದ್ದಲ. ಮೂರನೆಯ ದಿನಕ್ಕೆ ಕಾರುಗಳು ಬೇರೆ ದಾರಿ ಕಂಡುಕೊಂಡವು. ಒಂದು ವಾರದಲ್ಲಿ ಬೀದಿಗೆ ಬೇರೆಯದೇ ದನಿ ಬಂತು. ಚಪ್ಪಲಿಯ ಸದ್ದು, ಮಾತಿನ ಸದ್ದು ಕೇಳತೊಡಗಿತು. ಟೀಚರ್ ಮೊಮ್ಮಗಳ ತೋಳು ಹಿಡಿದು, ವಾಕರ್ ಊರಿಕೊಂಡು, ಆರು ತಿಂಗಳ ಮೇಲೆ ಮೊದಲ ಸಲ ಗೇಟು ದಾಟಿ ಬಂದರು. ಗೆರೆ ಅಕ್ಕನನ್ನು ಕಂಡು, “ಹದಿಮೂರರ ಮಗ್ಗಿ ತಪ್ಪದೆ ಹೇಳೋಕೆ ನಿನಗೆ ಕೊನೆವರೆಗೂ ಬರಲಿಲ್ಲ. ಇದನ್ನ ಮಾತ್ರ ಪರವಾಗಿಲ್ಲ ಅನ್ನೋ ಹಾಗೆ ಮಾಡಿದ್ದೀಯ,” ಅಂದರು. ಅವಳು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಮಾತನ್ನೇ ಮೆಲುಕು ಹಾಕಿದಳು.

ಹತ್ತೊಂಬತ್ತನೆಯ ದಿನ, ಮಧ್ಯಾಹ್ನ ಮೂರರ ಹೊತ್ತು, ಬೀದಿಯ ನಡುವಿನ ಕಟ್ಟಡದ ಆರನೇ ಅಂತಸ್ತಿನ ಅಡುಗೆಮನೆಯಿಂದ ಹೊಗೆ ಎದ್ದಿತು. ಒಲೆಯ ಮೇಲಿಟ್ಟ ಎಣ್ಣೆಗೆ ಬೆಂಕಿ ಹತ್ತಿತ್ತು. ಪಕ್ಕದ ಕೋಣೆಯಲ್ಲಿ ಬಾಣಂತಿಯೊಬ್ಬಳು ಕೂಸಿನ ಜೊತೆ ಸಿಕ್ಕಿಕೊಂಡಳು. ಅಗ್ನಿಶಾಮಕ ವಾಹನ ಗಂಟೆ ಬಾರಿಸುತ್ತ ಬೇಗನೆ ಬಂತು, ಮೂಲೆಯಲ್ಲಿ ಮೂಗು ಒಳಗೆ ತೂರಿಸಿತು, ಅಲ್ಲೇ ಕಚ್ಚಿಕೊಂಡಿತು. ಮುಂದಿನ ಚಕ್ರ ಬೀದಿಯಲ್ಲಿ, ಹಿಂದಿನ ಚಕ್ರ ಕುಂಡಕ್ಕೆ ಸಿಕ್ಕಿ. ಹಿಂದೆ ಸರಿದು ಮತ್ತೆ ನುಗ್ಗಿದರೂ ಅದೇ ಪಾಡು.

ಗೆರೆ ಅಕ್ಕ ಆ ಹೊತ್ತಿಗೆ ಬೀದಿಯ ಇನ್ನೊಂದು ತುದಿಯಲ್ಲಿ ಪಾದಚಾರಿಗಳನ್ನು ಎಣಿಸುತ್ತಿದ್ದಳು. ಓಡಿ ಬಂದು ನೋಡುತ್ತಾಳೆ, ಅಣ್ಣ ಆಗಲೇ ರಸ್ತೆಯಲ್ಲಿದ್ದ. ಇಬ್ಬರು ಕೆಲಸದವರೊಂದಿಗೆ ಕುಂಡದ ಅಡಿಗೆ ಉರುಳುವ ಜ್ಯಾಕಿ ತಳ್ಳಿ, ಒಂದೊಂದನ್ನೇ ಎತ್ತಿ ಪಕ್ಕಕ್ಕೆ ಎಳೆಯುತ್ತಿದ್ದ. ಅವಳೂ ಹೋಗಿ ಡ್ರಮ್ಮಿಗೆ ಹೆಗಲು ಕೊಟ್ಟಳು. ಅವನು ಅವಳತ್ತ ನೋಡಲಿಲ್ಲ. “ಬಲಕ್ಕೆ! ಇನ್ನೂ ಬಲಕ್ಕೆ ಕೊಡಿ! ಸಾಕು, ಬನ್ನಿ!” ಎಂದು ಚಾಲಕನಿಗೆ ಕೈ ಬೀಸುತ್ತ ಹಿಮ್ಮುಖವಾಗಿ ನಡೆದ. ವಾಹನ ಒಳಗೆ ನುಗ್ಗಿತು. ಏಣಿ ಮೇಲಕ್ಕೆ ಹೋಯಿತು. ಕೂಸನ್ನೂ ತಾಯಿಯನ್ನೂ ಇಳಿಸಿದರು. ಇಬ್ಬರೂ ಕೆಮ್ಮುತ್ತಿದ್ದರು, ಇಬ್ಬರೂ ಬದುಕಿದ್ದರು. ಮೂಲೆಯಲ್ಲಿ ಕಳೆದದ್ದು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಗೆರೆ ಅಕ್ಕನ ಎದೆಯ ಮೇಲೆ ಕೂತಿತು.

ಮರುದಿನ ಅವಳು ಅಗ್ನಿಶಾಮಕ ಠಾಣೆಗೆ ಹೋಗಿ ವಿಚಾರಿಸಿದಳು. ಕಟ್ಟಡಗಳು ಎತ್ತರವಾದವು ಎಂದು ಠಾಣೆಗೆ ಹಿಂದಿನ ವರ್ಷವೇ ಉದ್ದ ಏಣಿಯ ಹೊಸ ವಾಹನ ಬಂದಿತ್ತು. ಅವಳು ಅಳತೆ ಹಾಕಿದ್ದು ಹಳೆಯದಕ್ಕೆ. ಹೊಸದು ಬಂದಿದೆಯೆಂದು ಯಾರೂ ಹೇಳಿರಲಿಲ್ಲ ನಿಜ, ಅವಳೂ ಕೇಳಿರಲಿಲ್ಲ. ಅಣ್ಣ ಎದ್ದು ನಿಂತು ಹೇಳಿದಾಗಲಾದರೂ ಒಂದು ಫೋನು ಮಾಡಬಹುದಿತ್ತು.

ಹಿರಿಯ ಎಂಜಿನಿಯರು ಕೋಣೆಯ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು. “ಕುಂಡ ಇಟ್ಟವರು ಗುತ್ತಿಗೆದಾರರು. ಗೆರೆ ಬಿಟ್ಟು ಅರ್ಧ ಮೀಟರ್ ಆಚೆ ಇಟ್ಟಿದ್ದರು ಅಂತ ಹೇಳಿದ್ರೆ ಮುಗೀತು. ಯಾರ ತಲೆಯೂ ಹೋಗಲ್ಲ.”

“ನಾನೇ ಹೋಗಿ ಅಳೆದೆ ಸರ್. ಅವರು ಒಂದು ಬೆರಳೂ ಆಚೀಚೆ ಇಟ್ಟಿಲ್ಲ. ನನ್ನ ಗೆರೆ ಮೇಲೇ ಇಟ್ಟಿದ್ದಾರೆ.”

“ಹಾಗೆ ಸಭೇಲಿ ಹೇಳಿದ್ರೆ ಯೋಜನೆಗೇ ಎಳ್ಳುನೀರು. ಯೋಚನೆ ಮಾಡಿ.”

ಅವಳು ಯೋಚನೆ ಮಾಡುತ್ತ ಹೋಗಿ ನಿಂತದ್ದು ಗ್ಯಾರೇಜಿನ ಮುಂದೆ. ಅತ್ತಿಗೆ ಊಟದ ಡಬ್ಬಿ ತಂದು ಕೂತಿದ್ದಳು. ನಾದಿನಿಯ ಮುಖ ನೋಡಿದ್ದೇ ಡಬ್ಬಿಯ ಮುಚ್ಚಳದಲ್ಲಿ ಅವಳಿಗೂ ಒಂದು ಪಾಲು ಹಾಕಿ ಕೈಗಿಟ್ಟಳು. “ಅಣ್ಣ ತಂಗಿ ಇಬ್ಬರೂ ಮೊದಲು ತಿನ್ನಿ. ಮುಖ ಊದಿಸ್ಕೊಳ್ಳೋದನ್ನ ಆಮೇಲೆ ಮುಂದುವರಿಸಿ.”

ಮೂವರೂ ತಿಂದರು. ಕೊನೆಗೆ ಅವಳೇ ಬಾಯಿಬಿಟ್ಟಳು. “ನೀನು ಹೇಳಿದ್ದೆ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಆ ಕೂಸಿಗೆ ಏನಾದ್ರೂ ಆಗಿದ್ರೆ...”

“ಆಗಲಿಲ್ಲವಲ್ಲ.” ಅಣ್ಣ ಬೆರಳಿಗಂಟಿದ ಅನ್ನವನ್ನೇ ನೋಡುತ್ತ ಕೂತ. “ಟೀಚರ್‌ಗೆ ಆಯ್ತು. ಅವತ್ತು ಅವರು ಬಿದ್ದದ್ದು ಇಲ್ಲೇ. ಫುಟ್‌ಪಾತ್ ಮೇಲೆ ನಾನು ಕಾರು ನಿಲ್ಲಿಸಿದ್ದೆ ಅಂತ ಅವರು ರಸ್ತೆಗೆ ಇಳಿದರು. ಇಳಿದ ತಕ್ಷಣ ಸ್ಕೂಟರು ಬಂತು. ನಾನೇ ಎತ್ಕೊಂಡು ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಅವರು ‘ನಿನಗೆ ಕೆಲಸ ಕೆಡ್ತು ಕಣೋ’ ಅಂತಿದ್ರು. ಅವತ್ತಿಂದ ಇವತ್ತಿನವರೆಗೆ ಅವರ ಮನೆ ಮೆಟ್ಟಿಲು ಹತ್ತೋಕೆ ನನ್ನಿಂದ ಆಗಿಲ್ಲ.”

ಅತ್ತಿಗೆ ಗಂಡನ ಮುಖ ನೋಡಿದಳು. ಅವಳಿಗೂ ಅವನು ಇದನ್ನು ಹೇಳಿರಲಿಲ್ಲವೆಂದು ತೋರುತ್ತಿತ್ತು.

“ನೀನು ಟೇಪ್ ಹಿಡ್ಕೊಂಡು ಬಂದಾಗ ನನ್ನನ್ನೇ ಹುಡುಕ್ಕೊಂಡು ಬಂದ ಹಾಗಾಯ್ತು. ಅದಕ್ಕೇ ಮಾತು ಬರಲಿಲ್ಲ,” ಎಂದ ಅಣ್ಣ. ಕೈ ತೊಳೆದು ಬಂದು ಒಮ್ಮೆಲೇ ಬೇರೆ ಮನುಷ್ಯನಾದ. “ಕಾಗದದ ಮೇಲೆ ಎಷ್ಟು ಅಳೆದ್ರೂ ಹಿಂದಿನ ಚಕ್ರ ಎಲ್ಲಿ ಕೊಯ್ಕೊಂಡು ಬರುತ್ತೆ ಅಂತ ಪೂರ್ತಿ ಗೊತ್ತಾಗಲ್ಲ ಕಣೇ. ಆ ಗಾಡೀನೇ ಕರೆಸು. ತಿರುಗಿಸಿ ನೋಡೋಣ.”

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಠಾಣೆಯವರು ಏಣಿಯ ವಾಹನ ತಂದರು. ಅಣ್ಣ ಹಿಂದಿನ ಚಕ್ರದ ಪಕ್ಕದಲ್ಲೇ ಬಗ್ಗಿ ನಡೆಯುತ್ತ, ಚಕ್ರ ಹಾದಲ್ಲೆಲ್ಲ ಬಿಳಿ ಬಣ್ಣ ಚಿಮುಕಿಸಿದ. ಒಂಬತ್ತು ಸಲ ತಿರುಗಿಸಿದರು. ಚಾಲಕ ಹತ್ತನೆಯ ಸಲಕ್ಕೆ, “ಜ್ಯಾಕಿಯಣ್ಣ, ನನಗೆ ತಲೆ ತಿರುಗ್ತಿದೆ,” ಎಂದು ಇಳಿದುಬಿಟ್ಟ. ಗೆರೆ ಅಕ್ಕ ಬಿಳಿ ಜಾಡನ್ನು ಅಳೆದು ಹಾಳೆಗೆ ಇಳಿಸಿದಳು. ಇಳಿಸುತ್ತಿದ್ದಂತೆ ಅವಳ ಕೈ ನಿಧಾನವಾಯಿತು.

ದಾರಿ ಎರಡೇ ಇದ್ದವು. ಮೂಲೆಯ ಫುಟ್‌ಪಾತನ್ನು ಪೂರ್ತಿ ಕೈಬಿಡುವುದು. ಆದರೆ ಬಸ್ಸಿಳಿದ ಮಕ್ಕಳೆಲ್ಲ ದಾಟುವುದು ಅಲ್ಲೇ. ಇಲ್ಲವೇ ಗ್ಯಾರೇಜಿನ ಮೂಲೆಗೋಡೆಯನ್ನು ಓರೆಯಾಗಿ ಕತ್ತರಿಸಿ, ಫುಟ್‌ಪಾತನ್ನು ಒಳಗೆ ತೆಗೆದುಕೊಳ್ಳುವುದು. ಹಾಗೆ ಕತ್ತರಿಸಿದರೆ ಅಪ್ಪ ತೋಡಿಸಿದ ಗುಂಡಿ ಹೋಗುತ್ತದೆ.

ಅಣ್ಣ ಅವಳ ಹೆಗಲ ಮೇಲಿಂದ ಬಗ್ಗಿ ಹಾಳೆ ನೋಡಿದ. ಅವನಿಗೆ ನಕ್ಷೆ ಓದಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಳಗೆ ಹೋಗಿ ಗುಂಡಿಯ ಮೆಟ್ಟಿಲ ಮೇಲೆ ಕೂತ.

“ನಾನು ಕೇಳಲ್ಲ ಅಣ್ಣ,” ಅಂದಳು ಅವಳು, ಬಾಗಿಲಲ್ಲೇ ನಿಂತು.

“ಕೇಳಬೇಡ,” ಅಂದ ಅವನು.

ಎರಡನೆಯ ಸಭೆಗೆ ಮೊದಲಿನದಕ್ಕಿಂತ ಹೆಚ್ಚು ಜನ ಬಂದಿದ್ದರು. ಗುತ್ತಿಗೆದಾರನೂ ಬಂದು, ತಲೆ ತಗ್ಗಿಸಿಕೊಂಡು ಮೂಲೆಯಲ್ಲಿ ನಿಂತಿದ್ದ. ಹಿರಿಯ ಎಂಜಿನಿಯರು ಅವಳತ್ತ ಒಮ್ಮೆ ನೋಡಿದರು. ಅವಳು ಎದ್ದು ನಿಂತಳು.

“ಕುಂಡಗಳು ನಾನು ಹೇಳಿದ ಜಾಗದಲ್ಲೇ ಇದ್ದವು. ಗೆರೆ ನನ್ನದು, ತಪ್ಪೂ ನನ್ನದು. ಹೊಸ ವಾಹನದ ಅಳತೆ ಕೇಳಬೇಕಿತ್ತು, ಕೇಳಲಿಲ್ಲ. ಇದೇ ಜಾಗದಲ್ಲಿ ಒಬ್ಬರು ಎಚ್ಚರಿಸಿದರು, ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ.”

ಗದ್ದಲ ಎದ್ದಿತು. ‘ಕಿತ್ತು ಹಾಕಿ’ ಎಂಬ ಕೂಗು ಒಂದು ಬದಿಯಿಂದ ಎದ್ದು ಇನ್ನೊಂದು ಬದಿಗೆ ಹಬ್ಬಿತು. ಬಾಣಂತಿಯ ಗಂಡ ಎದ್ದು, ಸಿಟ್ಟಿನಿಂದಲ್ಲ, ನಡುಗುವ ಧ್ವನಿಯಿಂದ ಕೇಳಿದ: “ಮುಂದಿನ ಸಲ ನಾಲ್ಕು ನಿಮಿಷ ಸಿಗದಿದ್ರೆ?” ಅದಕ್ಕೆ ಅವಳ ಬಳಿ ಒಂದೇ ಉತ್ತರವಿತ್ತು. ಎರಡು ದಾರಿಗಳಿರುವ ಹಾಳೆಯನ್ನು ಗೋಡೆಗೆ ಅಂಟಿಸಿ, ಮೂಲೆಯ ಫುಟ್‌ಪಾತು ಕೈಬಿಡುವ ದಾರಿಯನ್ನು ಮೊದಲು ವಿವರಿಸಿದಳು. ಆಮೇಲೆ ಎರಡನೆಯದರ ಮೇಲೆ ಬೆರಳಿಟ್ಟಳು. “ಎರಡನೆಯದಕ್ಕೆ ಖಾಸಗಿ ಜಾಗ ಬೇಕು. ಅದನ್ನ ಕೇಳೋ ಹಕ್ಕು ನಮಗಿಲ್ಲ,” ಎಂದಷ್ಟೇ ಹೇಳಿದಳು.

“ಆ ಜಾಗ ನನ್ನದು.” ಹಿಂದಿನ ಸಾಲಿನಲ್ಲಿ ಅಣ್ಣ ಎದ್ದಿದ್ದ. ಇವತ್ತು ಇಸ್ತ್ರಿಯ ಅಂಗಿ ಇರಲಿಲ್ಲ, ಗ್ರೀಸಿನ ಬಟ್ಟೆಯಲ್ಲೇ ಬಂದಿದ್ದ. “ತಗೊಳ್ಳಿ. ಆದ್ರೆ ಕೇಳಿ, ಪುಕ್ಕಟೆ ದೊಡ್ಡಮನುಷ್ಯ ಅನ್ನಿಸ್ಕೊಳ್ಳೋಕೆ ಹೇಳ್ತಿಲ್ಲ. ಕೆಟ್ಟುನಿಂತ ಗಾಡಿ ಇಳಿಸೋಕೆ ನನಗೆ ಬೆಳಿಗ್ಗೆ ಒಂದು ಗಂಟೆ ಬೀದೀಲಿ ಜಾಗ ಕೊಡಬೇಕು. ಕತ್ತರಿಸಿದ ಗೋಡೆ ನೆಟ್ಟಗೆ ಕಟ್ಟಿಕೊಡಬೇಕು, ಕಾಟಾಚಾರಕ್ಕಲ್ಲ. ಇನ್ನೊಂದು...” ಅವನು ಮುಂದಿನ ಸಾಲಿನ ಕುರ್ಚಿಯತ್ತ ನೋಡಿದ. ಅಲ್ಲಿ ಟೀಚರ್ ವಾಕರ್ ಹಿಡಿದು ಕೂತಿದ್ದರು. “ಟೀಚರ್, ಅವತ್ತು ಆ ಕಾರು ಅಲ್ಲಿ ನಿಲ್ಲಿಸಿದ್ದು ನಾನು.”

ಟೀಚರ್ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ಅವನನ್ನು ನೋಡಿದರು. “ಗೊತ್ತಿತ್ತು ಕಣೋ. ನೀನು ಮನೆಗೆ ಬಂದು ಹೇಳ್ತೀಯ ಅಂತ ಆರು ತಿಂಗಳಿಂದ ಕಾಯ್ತಾ ಇದ್ದೆ. ಕೂತ್ಕೋ ಈಗ.”

ಅರವತ್ತು ದಾಟಿದ ಜ್ಯಾಕಿಯಣ್ಣ ತಟ್ಟನೆ ಕೂತ. ಯಾರೋ ನಕ್ಕರು, ಆಮೇಲೆ ಸಭೆಯೆಲ್ಲ ನಕ್ಕಿತು. ಮುಂದೆ ಕೈಯೆತ್ತಿಸಿ ಎಣಿಸಿದಾಗ ಎರಡನೆಯ ದಾರಿಗೆ ಸಾಕಷ್ಟು ಕೈಗಳು ಬಂದವು. ಎಲ್ಲರವೂ ಅಲ್ಲ.

ಬೀದಿ ಸಿದ್ಧವಾಗಲು ಒಂಬತ್ತು ತಿಂಗಳು ಹಿಡಿಯಿತು. ಗುಂಡಿ ಮುಚ್ಚುವ ದಿನ ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಯಾವುದೋ ನೆಂಟರ ಮನೆಗೆ ಹೋಗಿಬಿಟ್ಟಿದ್ದ. ಗೆರೆ ಅಕ್ಕ ಒಬ್ಬಳೇ ನಿಂತು ಮಣ್ಣು ತುಂಬುವುದನ್ನು ನೋಡಿ, ಕಣ್ಣೊರೆಸಿಕೊಂಡು ಕಚೇರಿಗೆ ಹೋದಳು. ಅವಳ ಫೈಲಿನಲ್ಲಿ ತಪ್ಪಿನ ಬಗ್ಗೆ ಒಂದು ಟಿಪ್ಪಣಿ ಬಂತು. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಹಿರಿಯ ಎಂಜಿನಿಯರು ಕೆಲವು ವಾರ ಅವಳನ್ನು ಕಂಡರೂ ಕಾಣದಂತೆ ಓಡಾಡಿದರು, ಆಮೇಲೆ ಎಂದಿನಂತಾದರು.

ನೆಟ್ಟ ಮೂವತ್ತೊಂದು ಗಿಡಗಳಲ್ಲಿ ಐದು ಸತ್ತವು, ಮತ್ತೆ ನೆಡಬೇಕಾಯಿತು. ಕಾರಿಟ್ಟುಕೊಂಡ ಕೆಲವರು ಈಗಲೂ ಅವಳನ್ನು ಕಂಡರೆ ಮುಖ ತಿರುಗಿಸುತ್ತಾರೆ. ಗ್ಯಾರೇಜಿಗೆ ದೊಡ್ಡ ಗಾಡಿಗಳು ಬರುವುದು ನಿಂತಿತು. ಕೆಲಸದವರಲ್ಲಿ ಒಬ್ಬನಿಗೆ ಅಣ್ಣನೇ ಬೇರೆ ಗ್ಯಾರೇಜಿನಲ್ಲಿ ಜಾಗ ನೋಡಿಕೊಟ್ಟ. ಕಳುಹಿಸಿದ ದಿನ ಊಟ ಮಾಡಲಿಲ್ಲವೆಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. ಆದರೆ ಆ ವರ್ಷ ಆ ಬೀದಿಯಲ್ಲಿ ಯಾರಿಗೂ ಗಾಡಿ ಬಡಿಯಲಿಲ್ಲ.

ಮಳೆಗಾಲ ಕಳೆದ ಮೇಲೆ ಅವಳಿಗೆ ಎರಡು ಬೀದಿ ಆಚೆಯ ರಸ್ತೆ ಬಂತು. ಅದು ಇನ್ನೂ ಇಕ್ಕಟ್ಟು, ತಿರುವುಗಳೂ ಹೆಚ್ಚು. ಒಂದು ಬೆಳಿಗ್ಗೆ ಅವಳು ಚರಂಡಿಯ ಕಲ್ಲಿನ ಮೇಲೆ ಹಾಳೆ ಹರಡಿಕೊಂಡು ಗುರುತು ಹಾಕುತ್ತಿದ್ದಾಗ ಹಿಂದಿನಿಂದ ಕೆಮ್ಮಿದ ಸದ್ದಾಯಿತು. ಅಣ್ಣ, ಕೈಯಲ್ಲಿ ಎರಡು ಲೋಟ ಚಹಾ ಹಿಡಿದು ನಿಂತಿದ್ದ.

“ಗ್ಯಾರೇಜು?”

“ಎರಡೇ ಕಾರಿದೆ. ಹುಡುಗ ನೋಡ್ಕೋತಾನೆ.” ಹುಡುಗ ಎಂದರೆ ನಲವತ್ತು ವರ್ಷದ ಮೆಕ್ಯಾನಿಕ್ಕು. ಅಣ್ಣ ಹಾಳೆಯ ಕಡೆ ಬಗ್ಗಿದ. “ಕಸದ ಲಾರಿ ಇಲ್ಲಿ ಹೇಗೆ ತಿರುಗುತ್ತೆ ಅಂತ ವಿಚಾರಿಸಿದ್ಯಾ?”

“ಇನ್ನೂ ಇಲ್ಲ.”

“ಮತ್ತೆ ಇದೇನು ಇಷ್ಟು ದಪ್ಪ ಗೆರೆ ಎಳೆದಿದ್ದೀಯ?”

ಅವಳು ಚಹಾ ತೆಗೆದುಕೊಂಡು, ಪಕ್ಕಕ್ಕೆ ಸರಿದು ಕಲ್ಲಿನ ಮೇಲೆ ಅವನಿಗೆ ಜಾಗ ಮಾಡಿಕೊಟ್ಟಳು. ಅಣ್ಣ ಕೂತು, ಕಿಸೆಯಿಂದ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಅಣ್ಣನ ಲೆಕ್ಕದಲ್ಲಿ ಕಸದ ಲಾರಿ ಬರಲು ಇನ್ನೂ ಅರ್ಧ ಗಂಟೆ ಇತ್ತು.